ನಮ್ಮ ದೇಶದ ಮಾನ ಮತ್ತು ಒಂದು ಡಬ್ಬ ನೀಲಿ ಬಣ್ಣ

ಯಾವ ದೇಶವೂ ಆರು ನಿಮಿಷದ ವಿಡಿಯೋದಲ್ಲಿ ಹಿಡಿಸುವುದಿಲ್ಲ. ಇದನ್ನು ನಿಮಗೆ ಹೇಳಿಕೊಡಬೇಕಾಗಿ ಬಂದಿರುವುದೇ ನಾಚಿಕೆಗೇಡು. ಆದರೂ ಹೇಳುತ್ತಿದ್ದೇನೆ. ಏಕೆಂದರೆ ಅಂಥದೊಂದು ಆರು ನಿಮಿಷವನ್ನು ನಲವತ್ತು ಲಕ್ಷ ಜನ ನೋಡಿದ್ದಾರೆ, ಅದರಲ್ಲಿ ಹನ್ನೊಂದು ಸೆಕೆಂಡು ನನ್ನ ಮನೆ ಇದೆ!

ಮನೆ ಎಂದರೆ ಮನೆಯ ಮುಂದಿನ ಕೋಣೆ. ಹಿಂದೆ ಯಾರೋ ಗಾಡಿ ನಿಲ್ಲಿಸಲು ಕಟ್ಟಿಸಿದ್ದು. ಬೀದಿಗೆ ತೆರೆಯುವ ಒಂದೇ ಒಂದು ಸರಳಿನ ಬಾಗಿಲು. ಅದರೊಳಗೆ ನನ್ನ ಹೆಂಡತಿ ಹೊಲಿಗೆ ಕೆಲಸ ನಡೆಸುತ್ತಾಳೆ. ಬಟ್ಟೆ ಕತ್ತರಿಸುವ ಕಟಿಂಗ್ ಅಕ್ಕ, ಗುಂಡಿ ಕಾಜಾ ಮಾಡುವ ಕಾಜಾ ಅಜ್ಜಿ, ಮಿಷನ್ ತುಳಿಯುವ ಅಕ್ಕತಂಗಿಯರಿಬ್ಬರು, ಜೊತೆಗೆ ಇವಳು. ಒಟ್ಟು ಐದು ಜನ. ಆ ಸಮಯಕ್ಕೆ ಅವರ ಕೈಯಲ್ಲಿದ್ದದ್ದು ದೊಡ್ಡ ಕೆಲಸ. ದೂರದ ಒಂದು ದೇಶದ ಹಾಡುಗಾರರ ತಂಡಕ್ಕೆ ನಲವತ್ತು ನಿಲುವಂಗಿ.

ಸ್ಯಾಟಿನ್ ಬಟ್ಟೆ ಕತ್ತರಿಸುವ ದಿನ ಆ ಕೋಣೆಯ ಕಾನೂನೇ ಬೇರೆ. ಫ್ಯಾನ್ ಹಾಕುವಂತಿಲ್ಲ, ಗಾಳಿಗೆ ಪದರ ಜಾರಿದರೆ ಎಂಬತ್ತು ತೋಳು ಎಂಬತ್ತು ಅಳತೆಗೆ ಹೋಗುತ್ತವೆ. ಬಾಗಿಲು ತೆರೆದಿಡುವಂತಿಲ್ಲ, ಬೀದಿಯ ಬೆಕ್ಕಿಗೆ ಸ್ಯಾಟಿನ್ ಮೇಲೆ ಮಲಗುವ ಚಟ. ಮಾತಾಡುವಂತೆಯೂ ಇಲ್ಲ, ಎಲ್ಲರ ಬಾಯಲ್ಲೂ ಗುಂಡುಸೂಜಿ! ಸರಿಯಾಗಿ ಆ ಹೊತ್ತಿಗೆ ಹೊರದೇಶದ ಪ್ರವಾಸಿಯೊಬ್ಬ ಕೋಲಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಬಂದು ಸರಳಿನ ಸಂದಿಯಿಂದ ಇಣುಕಿದ. "ಹಲೋ" ಎಂದ. ಯಾರೂ ಉತ್ತರಿಸಲಿಲ್ಲ. ಸೂಜಿ ನುಂಗಿ ಹಲೋ ಹೇಳುವಷ್ಟು ಸೌಜನ್ಯ ಅವರಿಗಿಲ್ಲ. ಕಟಿಂಗ್ ಅಕ್ಕ ಮಾತ್ರ ಕಣ್ಣು ದೊಡ್ಡದು ಮಾಡಿ ತಲೆ ಅಲ್ಲಾಡಿಸಿದಳು. 'ಆಚೆ ಹೋಗಪ್ಪ, ಗೆರೆ ತಪ್ಪುತ್ತೆ' ಎಂದು ಅದರ ಅರ್ಥ.

ಅವನು ಮಾಡಿಕೊಂಡ ಅರ್ಥ ಬೇರೆ. "ಕೂಡಿಹಾಕಿದ ಹೆಂಗಸರು! ಸೆಕೆಗೆ ಬೇಯುತ್ತಿದ್ದಾರೆ, ಬಾಯಿ ಬಿಡಲೂ ಅಪ್ಪಣೆಯಿಲ್ಲ! ಈಕೆಯ ಕಣ್ಣಲ್ಲಿರುವ ಭಯ ನೋಡಿ! ಈ ದೇಶವೇ ಹೀಗೆ!"

ಹನ್ನೊಂದು ಸೆಕೆಂಡಿನಲ್ಲಿ ಒಂದು ಇಡೀ ದೇಶ ಇತ್ಯರ್ಥ!

ನಾನು ವಾರಕ್ಕೊಂದು ಅಂಕಣ ಬರೆಯುವವನು. ಶಾಲೆ ಅರ್ಧಕ್ಕೆ ಬಿಟ್ಟು, ಸಾಮಾನು ಕಟ್ಟಿಕೊಟ್ಟ ಪತ್ರಿಕೆ ಬಿಡಿಸಿ ಓದಿ ಓದಿ ಬರವಣಿಗೆ ಕಲಿತವನು. ಹಾಗೆ ಕಲಿತವರ ಸಿಟ್ಟು ಬೇಗ ಕುದಿಯುತ್ತದೆ. ಎದ್ದು ನಿಂತು ಘೋಷಿಸಿದೆ: "ಈ ದೇಶದ ಮಾನವನ್ನು ನಾನೊಬ್ಬನೇ ಎತ್ತಿ ನಿಲ್ಲಿಸ್ತೀನಿ!"

"ಮೊದಲು ಆ ಬಟ್ಟೆ ಮೇಲಿಂದ ಕಾಲು ತೆಗೀರಿ," ಎಂದಳು ಹೆಂಡತಿ.

ಅವಳ ಚಿಂತೆ ದೇಶದ್ದಲ್ಲ, ನಿಲುವಂಗಿಯದು. ಹಾಡುಗಾರರ ತಂಡದ ಮೇಡಂ ಕೂಡ ಆ ವಿಡಿಯೋ ನೋಡಿ ಪತ್ರ ಕಳಿಸಿದ್ದರು. 'ನಮ್ಮ ತಂಡದವರಿಗೆ ಮನಸ್ಸಿಗೆ ಕಸಿವಿಸಿಯಾಗಿದೆ. ಭಾನುವಾರ ಹನ್ನೊಂದಕ್ಕೆ ವಿಡಿಯೋ ಕರೆ ಮಾಡುತ್ತೇನೆ. ಕೆಲಸದವರನ್ನು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಈ ಬಟ್ಟೆ ತೊಟ್ಟು ಹಾಡಲು ನಮ್ಮಿಂದಾಗದು.' ಕತ್ತರಿಸಿದ ಎಂಬತ್ತು ತೋಳುಗಳು ಮೇಜಿನ ಮೇಲಿದ್ದವು. ಈ ಆರ್ಡರ್ ಕೈತಪ್ಪಿದರೆ ನಾಲ್ಕು ಹೆಂಗಸರಿಗೂ ಮುಂದಿನ ಮೂರು ತಿಂಗಳು ಕೆಲಸವಿಲ್ಲ.

"ಅವ್ರು ಫೋನ್ ಮಾಡ್ತಾರೆ, ನಾವು ಕೋಣೆ ತೋರಿಸ್ತೀವಿ, ಮುಗೀತು. ನೀವು ಸುಮ್ನೆ ಇದ್ದುಬಿಡಿ," ಎಂದಳು ಇವಳು.

ಸುಮ್ಮನಿರುವುದೇ! ಅಂಕಣಕಾರನಿಗೆ ಹೇಳುವ ಮಾತೇ ಅದು? ಮೇಡಂ ಕರೆಗೆ ಅರ್ಧ ಗಂಟೆ ಮೊದಲು ನಾನೇ ಒಂದು ಪ್ರತ್ಯುತ್ತರ ಬಿಡುವುದೆಂದು ತೀರ್ಮಾನಿಸಿದೆ. ಅದೂ ಲೈವ್! ಕತ್ತರಿಯಿಲ್ಲ, ಅಂಟಿಸುವುದಿಲ್ಲ, ಅಪ್ಪಟ ಸತ್ಯ!

ಅಪ್ಪಟ ಸತ್ಯಕ್ಕೆ ಸ್ವಲ್ಪ ತಯಾರಿ ಬೇಕಿತ್ತು. ಶನಿವಾರ ಒಂದು ಡಬ್ಬ ನೀಲಿ ಬಣ್ಣ, ಒಂದು ಹೂದಾನಿ, ಅದಕ್ಕೆ ಪ್ಲಾಸ್ಟಿಕ್ ಹೂವು, ಒಂದು ಹೊಸ ಬೀಗ ತಂದೆ.

"ಚಿಲಕಕ್ಕೆ ಏನಾಗಿತ್ತು?"

"ಚಿಲಕ ನೋಡಿದ್ರೆ ಜೈಲು ಜ್ಞಾಪಕ ಬರುತ್ತೆ. ಇದು ನೋಡು, ಎಳೆದ್ರೆ ಸಾಕು, ತಾನೇ ಬೀಳುತ್ತೆ. ಒಳಗಿಂದ್ಲೂ ಹೊರಗಿಂದ್ಲೂ ಕೀಲಿಕೈ ಬೇಕು. ಭದ್ರ!"

"ಹೆಂಗಸರನ್ನ ಕೂಡಿಹಾಕಿಲ್ಲ ಅಂತ ತೋರ್ಸೋಕೆ ಬೀಗ ತಂದ್ರಾ?"

"ನಿನಗೆ ಕ್ಯಾಮೆರಾದ ಕಣ್ಣು ಅರ್ಥ ಆಗಲ್ಲ, ಬಿಡು."

ಚಿಲಕ ಕಿತ್ತು ಬೀಗ ಕೂರಿಸಿ, ಬಾಗಿಲಿಗೆ ಬಣ್ಣ ಬಳಿದೆ. ಒಳಗೆರಡು ಸಲ, ಹೊರಗೆರಡು ಸಲ. ಹಳೇ ಸರಳಿನ ನಡುವೆ ಬೀಗವೊಂದೇ ಬೇರೆ ಬಣ್ಣದಲ್ಲಿ ಹಲ್ಲು ಕಿರಿಯುತ್ತಿತ್ತು. ಅದಕ್ಕೂ ಬಳಿದೆ. ಏಕತೆ ಎಂದರೆ ಏಕತೆ!

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೆಂಗಸರು ಬಂದರು. ಚಿಂದಿ ಬಟ್ಟೆಯ ರಾಶಿಯನ್ನು ಮೇಜಿನಡಿ ತುರುಕಿಸಿದೆ. ಅಕ್ಕತಂಗಿಯರ ಕೈಗೆ ಹೂದಾನಿ ಕೊಟ್ಟು ಮಿಷನ್ ಪಕ್ಕ ನಿಲ್ಲಿಸಿದೆ. ಕಾಜಾ ಅಜ್ಜಿ ಯಾವತ್ತಿನಂತೆ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಅಜ್ಜಿ, ಕುರ್ಚಿ ಮೇಲೆ ಕೂತ್ಕೋ. ನೆಲದ ಮೇಲೆ ಕೂತ್ರೆ ಬಡತನ ಕಾಣುತ್ತೆ."

"ಮೂವತ್ತು ವರ್ಷದಿಂದ ನೆಲದ ಮೇಲೇ ಕೂತಿದೀನಿ. ಸೊಂಟಕ್ಕೆ ಹಿತ ಕಣಪ್ಪ."

"ಇವತ್ತೊಂದು ದಿನ, ದೇಶಕ್ಕೋಸ್ಕರ!"

ದೇಶಕ್ಕೋಸ್ಕರ ಅಜ್ಜಿ ಕುರ್ಚಿ ಹತ್ತಿದಳು. ಕಾಲು ನೆಲಕ್ಕೆ ಎಟುಕದೆ ನೇತಾಡಿದವು. ಕಟಿಂಗ್ ಅಕ್ಕನ ಕೈಗೆ ನಾನು ಬರೆದ ಚೀಟಿ ಕೊಟ್ಟೆ. ಅವಳು ಕತ್ತರಿಯಷ್ಟು ನೇರ ದನಿಯಲ್ಲಿ ಓದಿದಳು. "ನಾವು. ಇಲ್ಲಿ. ಬಹಳ. ಸಂತೋಷವಾಗಿದ್ದೇವೆ. ನಮ್ಮನ್ನು. ಯಾರೂ. ಒತ್ತಾಯಿಸಿಲ್ಲ."

"ಸ್ವಲ್ಪ ನಗ್ತಾ ಹೇಳಕ್ಕಾ!"

"ಚೀಟೀಲಿ ನಗಬೇಕು ಅಂತ ಬರೆದಿಲ್ಲವಲ್ಲಣ್ಣ."

ಹತ್ತೂವರೆಗೆ ಲೈವ್ ಶುರು ಮಾಡಿದೆ. ಒಳಗಿನದನ್ನೆಲ್ಲ ತೋರಿಸಿ, ಚೀಟಿ ಓದಿಸಿ, ಬಾಗಿಲ ಅಂದವನ್ನೂ ಜಗತ್ತು ನೋಡಲೆಂದು ಬೀದಿಗಿಳಿದೆ. "ನೋಡಿ ಬಾಂಧವರೇ, ಇದೇ ಆ ಬಾಗಿಲು! ಇದರಲ್ಲಿ ಭಯವಿದೆಯೇ? ಬಂಧನವಿದೆಯೇ?" ಎಂದು ಗರ್ಜಿಸಿ ಬಾಗಿಲನ್ನು ಒಮ್ಮೆ ಚಂದವಾಗಿ ಎಳೆದೆ.

ಟಕ್!

ಕೀಲಿಕೈ ನನ್ನ ಜೇಬಿನಲ್ಲೇ ಇತ್ತು. ತೆಗೆದು ತೂರಿಸಿದೆ. ಹೋಗಲಿಲ್ಲ. ಬಗ್ಗಿ ನೋಡಿದೆ. ಕೀಲಿಯ ಕಿಂಡಿ ಇರಬೇಕಾದ ಜಾಗದಲ್ಲಿ ನುಣ್ಣಗೆ, ಗಟ್ಟಿಯಾಗಿ ಒಣಗಿದ ನೀಲಿ! ಒಳಗಿನ ಕಿಂಡಿಯದೂ ಅದೇ ಪಾಡು. ನನ್ನ ಕೆಲಸದಲ್ಲಿ ಲೋಪವಿರಲಿಲ್ಲ.

"ಏನಾಯ್ತು?" ಎಂದಳು ಹೆಂಡತಿ ಸರಳಿನ ಹಿಂದಿನಿಂದ.

"ಏನಿಲ್ಲ. ಒಂದು ಸಣ್ಣ ತಾಂತ್ರಿಕ ಅಡಚಣೆ."

"ಕೂಡಿಹಾಕಿದ್ರಾ?"

"ಹಾಗಂತ ಅಲ್ಲ…"

"ಕೂಡಿಹಾಕಿದ್ರು ಕಣ್ರೇ!" ಎಂದಳು ಒಳಗೆ ತಿರುಗಿ. ಐವರೂ ಬಂದು ಸರಳು ಹಿಡಿದು ನಿಂತರು. ನನ್ನ ಎಡಗೈಯ ಫೋನು ಲೈವಿನಲ್ಲೇ ಇತ್ತು. ಅದರಲ್ಲಿ ಮಾತುಗಳು ಇರುವೆ ಸಾಲಿನಂತೆ ಹರಿಯುತ್ತಿದ್ದವು. 'ಎಲ್ಲರೆದುರೇ ಬೀಗ ಜಡಿದ ನೋಡಿ!' 'ಚೀಟಿ ಕೊಟ್ಟು ಓದಿಸಿದಾರೆ ಪಾಪ!' 'ಆ ಅಜ್ಜಿ ಕಾಲಿಗೆ ಏನು ಮಾಡಿದಾರೋ, ನೆಲಕ್ಕೇ ತಾಗ್ತಿರಲಿಲ್ಲ!' ಬರೆದವರು ಯಾರೂ ಹೊರದೇಶದವರಲ್ಲ. ಎಲ್ಲ ನಮ್ಮವರೇ. ಇಬ್ಬರು ನಮ್ಮ ಬೀದಿಯವರೇ!

ಲೈವ್ ಆರಿಸಿ ವೆಲ್ಡಿಂಗ್ ಅಂಗಡಿಯವನ ಬಳಿ ಓಡಿದೆ. ಅವನು ಕಬ್ಬಿಣ ಕೊಯ್ಯುವ ಮಿಷನ್ ತಂದು, ಬಾಗಿಲು ನೋಡಿ, ನನ್ನನ್ನು ನೋಡಿ, "ಬೀಗಕ್ಕೆ ಬಣ್ಣ ಹೊಡೆದ ಮಹಾನುಭಾವ ಯಾರು ಸಾರ್?" ಎಂದ. ನಾನು ಆಕಾಶ ನೋಡಿದೆ. "ಕೀಲು ಕೊಯ್ಯಬೇಕು. ಕಿಡಿ ಹಾರುತ್ತೆ."

"ಕಿಡಿ!" ಒಳಗಿನಿಂದ ಕಟಿಂಗ್ ಅಕ್ಕ ಚೀರಿದಳು. "ಸ್ಯಾಟಿನ್ ಇದೆ ಇಲ್ಲಿ! ಒಂದು ಕಿಡಿ ಬಿದ್ರೆ ಮುಗೀತು!"

ಅಷ್ಟರಲ್ಲಿ ಒಳಗೆ ಹೆಂಡತಿಯ ಫೋನು ಬಡಿದುಕೊಂಡಿತು. ಹನ್ನೊಂದು ಗಂಟೆ. ಮೇಡಂ!

ನಾನು ಸರಳಿಗೆ ಮುಖ ಒತ್ತಿ ಬೇಡಿದೆ. "ಎತ್ತಬೇಡ! ಆಮೇಲೆ ಮಾಡ್ತೀವಿ ಅಂತ ಬರೀ! ಈ ಸ್ಥಿತೀಲಿ ತೋರ್ಸಿದ್ರೆ ಮಾನ ಹೋಗುತ್ತೆ!"

"ಯಾರ ಮಾನ?" ಎಂದು ಕೇಳಿ, ಫೋನನ್ನು ಮಿಷನ್ನಿಗೆ ಒರಗಿಸಿಟ್ಟು ಕರೆ ತೆಗೆದುಕೊಂಡೇಬಿಟ್ಟಳು. ಮೇಡಂಗೂ ಇವಳಿಗೂ ನಡುವೆ ಅಳತೆಯ ಅಂಕಿ, ಕೈಸನ್ನೆ, ಮುರುಕು ಮಾತು ಸೇರಿಸಿ ಕಟ್ಟಿಕೊಂಡ ಒಂದು ಭಾಷೆಯಿದೆ. ಅದರಲ್ಲಿ ಇವಳು ನಡೆದದ್ದನ್ನು ನಡೆದಂತೆ ಹೇಳಿದಳು. ಬಾಗಿಲು, ಬಣ್ಣ, ಬೀಗ, ಗಂಡ. ಕೊನೆಯ ಪದ ಹೇಳುವಾಗ ಫೋನನ್ನು ನನ್ನತ್ತ ತಿರುಗಿಸಿದಳು. ನಾನು ಕೈ ಮುಗಿದೆ.

ಆಮೇಲೆ ಮೇಡಂ ಕಂಡದ್ದಕ್ಕೆ ಅನುವಾದ ಬೇಕಿರಲಿಲ್ಲ. ಅಕ್ಕತಂಗಿಯರು ಹೂದಾನಿ ಎಸೆದು ಎಂಬತ್ತು ತೋಳುಗಳನ್ನು ಮೂಲೆಗೆ ಒಟ್ಟಿದರು. ಕಟಿಂಗ್ ಅಕ್ಕ ಇಸ್ತ್ರಿಯ ದಪ್ಪ ಬಟ್ಟೆ ನೆನೆಸಿ ಅವುಗಳ ಮೇಲೆ ಹೊದಿಸಿದಳು. ಅಷ್ಟಕ್ಕೂ ಸಮಾಧಾನವಾಗದೆ ನಾಲ್ವರು ಆ ರಾಶಿಗೂ ಬಾಗಿಲಿಗೂ ನಡುವೆ ಒದ್ದೆ ಬಟ್ಟೆ ಹಿಡಿದು ಗೋಡೆಯಂತೆ ನಿಂತರು. ಕಿಡಿಗಳು ಹಾರಿದವು. ಅಜ್ಜಿ ಕುರ್ಚಿಯಿಂದ ಜಾರಿ ಚಾಪೆಗೆ ಬಂದು, ಕಾಲು ಚಾಚಿ, ಗಂಟಲು ಸರಿಮಾಡಿಕೊಂಡು ಶುರುವಿಟ್ಟಳು:

"ಲೇ ಬರಹಗಾರ! ನಿನ್ನ ಕೈಗೆ ಪೆನ್ನು ಕೊಟ್ಟಿದ್ದು ಸಾಲ್ದು ಅಂತ ಬ್ರಷ್ ಬೇರೆ ಯಾರು ಕೊಟ್ರೋ? ನೆಟ್ಟಗೆ ಒಂದು ಗುಂಡಿ ಹಾಕ್ಕೊಳಕ್ಕೆ ಬರಲ್ಲ, ದೇಶ ರಿಪೇರಿ ಮಾಡ್ತೀಯಾ? ಆ ಅಂಗಿ ನೋಡ್ಕೋ, ಮೇಲಿನ ಗುಂಡಿ ಕೆಳಗಿನ ಕಾಜಾಕ್ಕೆ!"

ನೋಡಿಕೊಂಡೆ. ನಿಜ.

ಇಪ್ಪತ್ತು ನಿಮಿಷ ಬಾಗಿಲು ಕೊಯ್ದರು, ಇಪ್ಪತ್ತು ನಿಮಿಷ ಅಜ್ಜಿ ನನ್ನನ್ನು ಕೊಯ್ದಳು. ಕಟಿಂಗ್ ಅಕ್ಕ ಆಗಾಗ ಒಂದೆರಡು ಮಾತು ಒದಗಿಸಿದಳು. ಮೇಡಂ ಕರೆ ಮುಗಿಸಲೇ ಇಲ್ಲ. ಮೊದಮೊದಲು ಬಾಯಿ ಮುಚ್ಚಿಕೊಂಡು ಕೂತಿದ್ದರು, ಆಮೇಲೆ ಅಕ್ಕಪಕ್ಕದವರನ್ನೂ ಕರೆದು ಕೂರಿಸಿಕೊಂಡರು. ಬಾಗಿಲು ಕಳಚಿ ಬಿದ್ದಾಗ ಸುಟ್ಟದ್ದು ಪ್ಲಾಸ್ಟಿಕ್ ಹೂವು ಮಾತ್ರ. ತೋಳೊಂದಕ್ಕೂ ಕಲೆಯಿಲ್ಲ.

ಸೋಮವಾರ ಪತ್ರ ಬಂತು. ಹೆಂಡತಿ ಎಲ್ಲರೆದುರು ಓದಿದಳು. 'ನಮ್ಮ ಅನುಮಾನ ಪರಿಹಾರವಾಯಿತು. ಕೂಡಿಹಾಕಿಸಿಕೊಂಡವರು ಬೆಂಕಿಗೂ ಬಟ್ಟೆಗೂ ನಡುವೆ ಹಾಗೆ ನಿಲ್ಲುವುದಿಲ್ಲ, ಯಜಮಾನಿಯ ಗಂಡನನ್ನು ಹಾಗೆ ಬೈಯುವುದೂ ಇಲ್ಲ. ನಿಲುವಂಗಿಗಳಿಗೆ ಕಾಯುತ್ತಿದ್ದೇವೆ. ಒಂದೇ ಚಿಂತೆ. ಬಾಗಿಲ ಹೊರಗೆ ನಿಂತಿದ್ದ ಆ ಮನುಷ್ಯನನ್ನು ಅಲ್ಲಿ ಯಾರಾದರೂ ಸರಿಯಾಗಿ ನೋಡಿಕೊಳ್ಳುತ್ತಿದ್ದಾರೆಯೇ?'

ಕೋಣೆಯೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಮತ್ತೆ ಮಾನ ಉಳಿಸಿಕೊಳ್ಳಲು, "ಏನೇ ಅನ್ನು, ಆ ಪ್ರವಾಸಿ ಮಾಡಿದ್ದು ಅನ್ಯಾಯ" ಎಂದೆ.

"ಅನ್ಯಾಯಾನೇ," ಎಂದಳು ಹೆಂಡತಿ. "ಅಂದಹಾಗೆ, ಹೋದ ತಿಂಗಳು ನೀವೊಂದು ಅಂಕಣ ಬರೆದ್ರಲ್ಲ, 'ಹೆತ್ತವರನ್ನು ಮೂಲೆಗೆ ಎಸೆಯುವ ನಾಡು' ಅಂತ. ಯಾವ ದೇಶದ್ದು ಅದು?"

ನಾನು ಅಂಗಿಯ ಗುಂಡಿ ನೋಡಿಕೊಂಡೆ.

"ಮೇಡಂ ದೇಶದ್ದೇ ಅಲ್ವಾ? ನಿನ್ನೆ ಕರೇಲಿ ಅವರ ಪಕ್ಕ ಕೂತು ನಗ್ತಿದ್ರಲ್ಲ, ಅದು ಅವರ ಅಮ್ಮ. ತೊಂಬತ್ತೆರಡಂತೆ. ಜೊತೇಲೇ ಇದಾರಂತೆ. ನಿಮಗೆ ಅಲ್ಲಿ ಹೆತ್ತವರನ್ನ ಎಸೀತಾರೆ ಅಂತ ಯಾರು ಹೇಳಿದ್ದು?"

"ಒಂದು ವಿಡಿಯೋ ನೋಡಿದ್ದೆ."

"ಎಷ್ಟು ಹೊತ್ತಿಂದು?"

"ಮೂರು ನಿಮಿಷ."

ಅವಳು ದಾರ ಕಚ್ಚಿ ಕಡಿದಳು. "ಅವನಾದ್ರೂ ಇಷ್ಟು ದೂರ ಬಂದು ಇಣುಕಿದ. ನೀವು ಕುರ್ಚಿಯಿಂದಾನೂ ಏಳಲಿಲ್ಲ."

ಆ ಅಂಕಣವನ್ನು ನಾನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಆದರೆ ಅದನ್ನು ಓದಿ ತಲೆದೂಗಿ, ಮುನ್ನೂರು ಜನರಿಗೆ ಕಳಿಸಿದವರು ನೀವು. ಆ ಪ್ರವಾಸಿಯ ವಿಡಿಯೋ ನೋಡಿ ಹಲ್ಲು ಕಡಿದವರೂ ನೀವೇ. ನಗುವುದನ್ನು ನಿಲ್ಲಿಸಿ, ಫೋನು ತೆಗೆಯಿರಿ. ನೀವು ಕಾಲಿಡದ ಊರನ್ನು, ಮಾತಾಡಿಸದ ಜನರನ್ನು ಹಳಿಯುವ ವಿಡಿಯೋ ಅದರಲ್ಲಿ ಒಂದಾದರೂ ಇದ್ದೇ ಇದೆ. ಅಳಿಸಿ. ಯಾರಿಗೆ ಕಳಿಸಿದ್ದಿರೋ ಅವರಿಗೆ 'ನನಗೆ ಗೊತ್ತಿಲ್ಲದ್ದನ್ನು ಹೇಳಿದ್ದೆ' ಎಂದು ಬರೆಯಿರಿ. ನಾಳೆ ಅಲ್ಲ, ಈ ಪುಟ ಮಡಚುವ ಮೊದಲು.