ಅಳಿಯಂದಿರ ದಬದಬಿ ದಂಡಯಾತ್ರೆ

ಕೇಶ್ವಾಪುರದ ನೀಲಕಂಠಪ್ಪ ಚಹಾದ ಬಸಿಯನ್ನು ಟಕ್ಕನೆ ಕೆಳಗಿಟ್ಟು ಘೋಷಣೆ ಮಾಡಿಯೇ ಬಿಟ್ಟ: "ಬರೂ ರವಿವಾರ ಹಳಿಯಾಳದ ಆಚೀ ಕಾಡಿಗೆ ಹೋಗೂದು. ದಬದಬಿ ನೋಡೂದು. ಅತ್ತಿಯಾರನ್ನೂ ಕರಕೊಂಡು ಹೋಗೂದು. ದಾರಿ ತೋರಸೂದು ನಾನು!"

ಹೆಂಡತಿ ರೇಣವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ನೀವು ದುರ್ಗದಬೈಲಿಗೆ ಹೊಂಟ್ರ ಸ್ಟೇಶನ್ ಮುಂದ ಹೋಗಿ ನಿಂದರತೀರಿ. ಜಲಪಾತ ಎಲ್ಲೆ ಹುಡಕ್ತೀರಿ?"

"ಊರಾಗಿನ ದಾರಿ ಬ್ಯಾರೆ, ಅಡವ್ಯಾಗಿನ ದಾರಿ ಬ್ಯಾರೆ. ಅಡವ್ಯಾಗ ಗಂಡಸಿಗೆ ದಾರಿ ತಾನ ತಿಳೀತೈತಿ."

ರಸ್ತೆಯ ಮೈಲುಗಲ್ಲುಗಳಿಗೆ ಸುಣ್ಣ ಬಳಿದು ಮೈಲು ಅಳಿಸಿ ಕಿಲೋಮೀಟರು ಬರೆಯುತ್ತಿದ್ದ ಕಾಲ ಅದು. ದಾರಿ ಎಷ್ಟುದ್ದ ಎಂಬುದರ ಬಗ್ಗೆ ಖುದ್ದು ಸರಕಾರಕ್ಕೇ ಗಲಿಬಿಲಿಯಾಗಿತ್ತು. ನೀಲಕಂಠಪ್ಪನಿಗೆ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ.

ಈ ವೀರಾವೇಶಕ್ಕೆಲ್ಲ ಕಾರಣ ಅತ್ತೆ ಹನುಮವ್ವ. ಉಪ್ಪಿನಬೆಟಗೇರಿಯಿಂದ ಬಂದು ಮಗಳ ಮನೆಯಲ್ಲಿ ಠಿಕಾಣಿ ಹೂಡಿದ್ದ ಆಕೆಯ ಬಾಯಿಂದ ಮದುವೆಯಾದಂದಿನಿಂದ ಅಳಿಯನ ಬಗ್ಗೆ ಒಂದು ಒಳ್ಳೆಯ ಮಾತು ಬಿದ್ದಿರಲಿಲ್ಲ. ಕಚೇರಿಯಲ್ಲಿ ಬಡ್ತಿ ಸಿಕ್ಕಾಗ, "ಹೌದಾ? ಕುರ್ಚಿ ಬದಲಿ ಮಾಡಿದ್ರೇನು?" ಎಂದಿದ್ದಳು. ಹೊಸ ರೇಡಿಯೋ ಹೊತ್ತು ತಂದಾಗ, "ಛಲೋ ಆತು, ಇನ್ನ ಮನ್ಯಾಗ ಒಂದು ಗಂಡು ದನಿ ಕೇಳಸ್ತೈತಿ," ಎಂದಿದ್ದಳು. ಸಾಯುವುದರೊಳಗೆ ಅತ್ತೆಯಿಂದ ಒಂದೇ ಒಂದು ಶಾಬ್ಬಾಸ್ ಗಿಟ್ಟಿಸಬೇಕು. ನೀಲಕಂಠಪ್ಪನ ಜೀವಮಾನದ ಆಸೆ ಅಷ್ಟೇ ಆಗಿತ್ತು.

ರವಿವಾರ ಬಸ್ಸಿಳಿದಾಗ ಕಾಡಿನ ಅಂಚಿನಲ್ಲಿ ಫಾರೆಸ್ಟ್ ಗಾರ್ಡ್ ಎದುರಾದ. "ಜೋಡಿ ಬರಲೇನ್ರಿ? ದಾರಿ ಸ್ವಲ್ಪ ತೊಡಕೈತಿ."

"ನೀವು ನಿಮ್ಮ ಗಿಡ ಕಾಯ್ರಿ," ಎಂದ ನೀಲಕಂಠಪ್ಪ, ಇಸ್ತ್ರಿ ಮಾಡಿಸಿದ ಬಿಳಿ ಧೋತರದ ಚುಂಗು ಹಿಡಿದು ದಂಡನಾಯಕನ ಠೀವಿಯಲ್ಲಿ ಮುಂದೆ ನಡೆದ. ಹಿಂದೆ ಬುತ್ತಿಗಂಟು ಹೊತ್ತ ರೇಣವ್ವ. ಅವಳ ಹಿಂದೆ ಸೊಂಟಕ್ಕೆ ಕೈಕೊಟ್ಟುಕೊಂಡ ಹನುಮವ್ವ.

ಒಂದು ಹಳ್ಳದ ದಂಡೆಯಲ್ಲಿ ಕಾಲುದಾರಿ ಎರಡಾಗಿ ಒಡೆಯಿತು. ಎಡಗಡೆಯಿಂದ ನೀರು ಧುಮುಕುವ ಸದ್ದು ಕೇಳುತ್ತಿತ್ತು.

"ಸಪ್ಪಳ ಎಡಕ್ಕ ಐತಲ್ರಿ," ಎಂದಳು ರೇಣವ್ವ. "ಹಳ್ಳನೂ ಎಡಕ್ಕ ಹರಿಯಾಕತ್ತೈತಿ."

"ಅದು ಪ್ರತಿಧ್ವನಿ. ಅಡವ್ಯಾಗ ಸಪ್ಪಳ ಎಡಕ್ಕ ಕೇಳಿದ್ರ ನೀರು ಬಲಕ್ಕ ಇರತೈತಿ. ಅದಕ್ಕೊಂದು ಶಾಸ್ತ್ರ ಐತಿ."

"ಯಾವ ಶಾಸ್ತ್ರ?"

"ನೀವಿಬ್ಬರೂ ಇಲ್ಲೇ ಕಲ್ಲಿನ ಮ್ಯಾಲ ಕುಂದರ್ರಿ. ನಾ ಮುಂದ ಹೋಗಿ ನೋಡಿ ಬರತೇನಿ."

ಬಲಕ್ಕೆ ಹೋದ ನೀಲಕಂಠಪ್ಪನಿಗೆ ಮೊದಲು ಮುಳ್ಳಕಂಟಿ ಸಿಕ್ಕಿತು, ಆಮೇಲೆ ಅದೇ ಹಳ್ಳ ಸಿಕ್ಕಿತು, ಹಳ್ಳದಲ್ಲೊಂದು ಪಾಚಿಗಲ್ಲು ಸಿಕ್ಕಿತು. ಕಾಲಿಟ್ಟ. ಕಾಲು ಆಕಾಶಕ್ಕೆ ಹೋಯಿತು, ಬೆನ್ನು ಪಾತಾಳಕ್ಕೆ ಹೋಯಿತು. ಎದ್ದು ನೋಡಿದರೆ ಮೈಮೇಲೆ ಕೋಟಿತ್ತು, ತಲೆಯ ಮೇಲೆ ಟೊಪ್ಪಿಗೆಯಿತ್ತು, ಪಟ್ಟಾಪಟ್ಟಿ ಚಡ್ಡಿಯಿತ್ತು. ಧೋತರ ಮಾತ್ರ ನೀರಿಗೆ ಬಿದ್ದು ತೇಲುತ್ತಿತ್ತು. ಅದಕ್ಕೆ ದಬದಬಿಯ ದಾರಿ ಚೆನ್ನಾಗಿ ಗೊತ್ತಿತ್ತು. ಯಾರನ್ನೂ ಕೇಳದೆ ಎಡಕ್ಕೆ ಹೋಯಿತು.

ಚಡ್ಡಿಯಲ್ಲಿ ಅತ್ತೆಯ ಮುಂದೆ ಹೋಗಿ ನಿಲ್ಲುವುದೆಂದರೇನು? ಅದಕ್ಕಿಂತ ಹುಲಿಯ ಮುಂದೆ ನಿಲ್ಲುವುದು ಮೇಲು. ಅಂವ ಕಂಟಿಯ ಮರೆಯಲ್ಲೇ ನುಸುಳುತ್ತ, ಹೆಂಗಸರು ಕೂತ ಕಲ್ಲಿನ ಹತ್ತಿರದವರೆಗೂ ಬಂದು, ಅಲ್ಲೇ ಒಂದು ಪೊದೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತ.

ಅಷ್ಟರಲ್ಲಿ ಹಳ್ಳದ ಕಡೆ ನೋಡುತ್ತಿದ್ದ ಹನುಮವ್ವ ಮಗಳ ತೋಳು ಹಿಡಿದಳು. "ರೇಣವ್ವಾ, ಧೋತರ ಬಂತು. ಅಳಿಯಂದ್ರು ಬರಲಿಲ್ಲ."

ರೇಣವ್ವ ಧಡಕ್ಕನೆ ಎದ್ದಳು. ದಂಡೆ ಹಿಡಿದು ಓಡಿದಳು. ಇತ್ತ ಹನುಮವ್ವ ಕಲ್ಲಿನ ಮೇಲೆ ಸರಿಯಾಗಿ ಕೂತು, ಸೆರಗು ಬಾಯಿಗೆ ಹಿಡಿದು, ರಾಗ ತೆಗೆದಳು. ಹಾಡಿಕೊಂಡು ಅಳುವುದರಲ್ಲಿ ಆಕೆಯದು ದೊಡ್ಡ ಹೆಸರು. ಸುತ್ತಲಿನ ಹಳ್ಳಿಗಳಲ್ಲಿ ಸಾವಾದರೆ ಆಕೆಗೆ ಹೇಳಿಕಳಿಸುತ್ತಿದ್ದರು.

"ಬಾ ಅಂದ್ರ ಬರತಿದ್ದಿ ನನ್ನ ಬಂಗಾರಾ, ನಿಲ್ಲಂದ್ರ ನಿಲ್ಲತಿದ್ದಿ... ಮುಂದ ಇಟ್ಟಿದ್ದು ತಿಂತಿದ್ದಿ ನನ್ನ ಮುತ್ತಾ, ಒಲ್ಲೆ ಅಂತ ಮುಖಾ ತಿರವಲಿಲ್ಲ..."

ಪೊದೆಯ ಹಿಂದೆ ನೀಲಕಂಠಪ್ಪನ ಕಣ್ಣು ತುಂಬಿ ಬಂತು. ಎಷ್ಟು ವರ್ಷದಿಂದ ಕಾದಿದ್ದ! ಅಷ್ಟರಲ್ಲಿ ರೇಣವ್ವ ಅಂವನ ಟೊಪ್ಪಿಗೆ ಕಂಡು ಪೊದೆಯ ಹಿಂದೆ ಬಂದಳು. ಗಂಡನನ್ನು ನೋಡಿ ಮೊದಲು ನಿಟ್ಟುಸಿರು ಬಿಟ್ಟಳು, ಚಡ್ಡಿ ನೋಡಿ ಹಣೆ ಬಡಿದುಕೊಂಡಳು.

"ಏಳ್ರಿ. ಅಲ್ಲೆ ನಮ್ಮವ್ವ ಗಂಟಲಾ ಹರಕೊಳ್ಳಾಕತ್ತಾಳ."

"ಶ್! ಸ್ವಲ್ಪ ತಡಿ."

"ಓಣ್ಯಾಗ ನಿನ್ನಂಥಾದ್ದು ಯಾರ ಮನ್ಯಾಗಿತ್ತು ನನ್ನ ಬಂಗಾರಾ... ಎಂಥಾ ದೊಡ್ಡ ಕಣ್ಣು, ಎಂಥಾ ಗಂಭೀರ ನಡಗಿ..."

"ನಿಮಗ ನಾಚಿಕಿ ಇಲ್ಲೇನ್ರಿ? ಮುದುಕಿ ಅಳಾಕತ್ತಾಳ."

"ಅಳ್ಳಿ ಬಿಡು. ಈಗಿನ್ನ ಕಣ್ಣಿನ ಸುದ್ದಿ ಬಂದೈತಿ. ಬುದ್ಧಿ ಸುದ್ದಿ ಇನ್ನೂ ಬರಬೇಕು."

"ಅದು ಬರೂದಿಲ್ಲ. ಏಳ್ರಿ," ಎಂದು ರೇಣವ್ವ ಜಳಕಕ್ಕೆಂದು ತಂದಿದ್ದ ಟಾವೆಲ್ಲನ್ನು ಅಂವನ ಮುಖದ ಮೇಲೆ ಎಸೆದಳು.

ಟಾವೆಲ್ಲು ಸುತ್ತಿಕೊಂಡ ಅಳಿಯ ಪೊದೆಯಿಂದ ಹೊರಬಂದದ್ದೇ ತಡ, ಹನುಮವ್ವನ ರಾಗ ಗಕ್ಕನೆ ನಿಂತಿತು. ಆಕೆ ಮೇಲಿಂದ ಕೆಳಗೆ ಒಂದು ಸಲ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು, "ಬುತ್ತಿ ಬಿಚ್ಚವಾ, ಅತ್ತೂ ಅತ್ತೂ ಹಸಿವಾತು," ಎಂದಳು.

ನೀಲಕಂಠಪ್ಪ ಆಕೆಯ ಕಾಲು ಮುಟ್ಟಿದ. "ಅತ್ತಿಯಾರ, ನಿಮ್ಮ ಮನಸಿನ್ಯಾಗ ನನ್ನ ಮ್ಯಾಲ ಇಷ್ಟು ಅಭಿಮಾನ ಐತಿ ಅಂತ ಗೊತ್ತಿರಲಿಲ್ರಿ. ಒಂದೊಂದು ಮಾತೂ ಎದಿಗೆ ನಟ್ಟಾವು."

ಹನುಮವ್ವ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಒತ್ತಿದಳು.

"ಅದು ಹ್ವಾದ ವರ್ಷ ನಮ್ಮ ಎಮ್ಮಿ ಸತ್ತಾಗ ಕಟ್ಟಿದ ಹಾಡರೀ. ಗಡಿಬಿಡ್ಯಾಗ ಹೊಸಾದು ಎಲ್ಲಿಂದ ತರ್ಲಿ? ಹಾಲಿಂದು ಅಷ್ಟ ಬಿಟ್ಟು ಹಾಡಿದ್ನಿ."