ಬಿಚ್ಚಿ ನೋಡುವ ಚಟ

ಸ್ಫೂರ್ತಿ, ಶಿವು, ನಿಮ್ಮಪ್ಪ ಪೊಲೀಸನಾಗದೆ ವೀಳ್ಯದೆಲೆ ವ್ಯಾಪಾರ ಹಿಡಿದದ್ದರಿಂದ ಹಾನಗಲ್ಲಿನಿಂದ ಹಿರೇಕೆರೂರಿನವರೆಗಿನ ಕಳ್ಳರೆಲ್ಲ ಬದುಕಿಕೊಂಡರು! ನಾಲ್ಕು ಜನರೆದುರು ಬಾಯಿ ಬಿಡಲು ನಾಚುವವಳು ನಿಮ್ಮಜ್ಜಿಯಾದ ನಾನು. ಹೆತ್ತ ಮಗನ ಮೇಲಿನ ಚಾಡಿಯನ್ನು ಬಾಯಿಂದ ಹೇಳಲಾದೀತೇ? ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇದಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ಸ್ಫೂರ್ತಿ, ನೀನು ಸವಣೂರಿನಿಂದ ಶಿಗ್ಗಾವಿಯ ಕಾಲೇಜಿಗೆ ಬಸ್ಸು ಹತ್ತತೊಡಗಿದ ವರ್ಷ ಅದು. ಸಂಜೆ ಮನೆಗೆ ಬಂದವಳೇ, ಚೀಲ ಇಳಿಸುವ ಮೊದಲೇ ಅಪ್ಪನ ಮುಂದೆ ಕುಳಿತು ಮಾತು ಸುರಿಯುತ್ತಿದ್ದೆ. ಯಾರ ಜಡೆ ಎಷ್ಟುದ್ದ, ಯಾವ ಮಾಸ್ತರರು ಪಾಠ ಹೇಳುತ್ತಲೇ ತೂಕಡಿಸಿದರು, ಎಲ್ಲ. ಅವನು ಎಲೆಗಳನ್ನು ಪೆಂಡಿ ಕಟ್ಟುತ್ತ ಕೇಳುತ್ತಿದ್ದ. ಒಂದು ಗುರುವಾರ ಮುಕ್ಕಾಲು ತಾಸು ತಡವಾಗಿ ಬಂದೆ.

"ಯಾಕವಾ, ತಡ ಆತು?"

"ಸುಮ್ನ."

ಆ 'ಸುಮ್ನ' ನಿಮ್ಮಪ್ಪನ ಕಿವಿಗೆ ಇರುವೆಯಂತೆ ಹೊಕ್ಕಿತು. ಮುಂದಿನ ಗುರುವಾರವೂ ತಡ. ಶುರುವಾಯಿತು ತನಿಖೆ!

ಮೊದಲಿಗೆ ನಿನ್ನ ಚಪ್ಪಲಿ. ಅದನ್ನು ತಿರುವಿ, ಕನ್ನಡಕ ಏರಿಸಿ ನೋಡಿದ. "ಅವ್ವಾ, ನಮ್ಮ ಕಡೆ ಮಣ್ಣು ಕರೇದು. ಇದು ಕೆಂಪೈತಿ. ಎಲ್ಲಿಂದ ಬಂತು?"

"ಮಲ್ಲಿಗಿ ಗಿಡಕ್ಕಂತ ನಿನ್ನಿ ನೀನ ಕೆಂಪು ಮಣ್ಣು ತರಿಸಿ ಬಾಗಲಾಗ ಸುರುವಿಯಲ್ಲೋ."

ಆಮೇಲೆ ಫೋನು. ನೀನು ಸ್ನಾನಕ್ಕೆ ಹೋದಾಗ ಅದರ ಬೀಗ ತೆಗೆಯಲು ಅಡ್ಡ, ಉದ್ದ, ಸೊಟ್ಟ ಗೆರೆ ಎಳೆದ; ಕೊನೆಗೆ ಅದು ಯಾರಿಗೂ ತೆರೆಯದಂತೆ ಮುನಿಸಿಕೊಂಡಿತು. ನೀನು ಬಂದು ಕೇಳಿದರೆ, "ಬೆಕ್ಕು ಮುಟ್ಟಿರಬೇಕು" ಎಂದ. ಫೋನಿನ ಮೇಲೆ ಬೆರಳಿನ ಸುಣ್ಣದ ಗುರುತು ಸಾಲಾಗಿ ಮೂಡಿತ್ತು. "ನಮ್ಮ ಬೆಕ್ಕು ಎಲಿ ಅಡಕಿ ಹಾಕ್ಕೊಳ್ಳಾಕ ಯಾವಾಗಿಂದ ಕಲತೈತಪ್ಪಾ?" ಎಂದೆ ನೀನು.

ಆಗ ನೀನು ಇನ್ನೂ ನಗುತ್ತಿದ್ದೆ. ನಗು ನಿಂತದ್ದು ಬಸ್ಸಿನಲ್ಲಿ.

ಉರಿಬಿಸಿಲಿನಲ್ಲಿ ಮಂಗನ ಟೊಪ್ಪಿಗೆ ಮೂಗಿನವರೆಗೆ ಎಳೆದುಕೊಂಡು, ನೀನು ಬರುವ ಬಸ್ಸಿನ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತ ಪುಣ್ಯಾತ್ಮ. ಟಿಕೀಟು ಕೊಡಲು ಬಂದ ಕಂಡಕ್ಟರು ಬಸ್ಸಿಗೆಲ್ಲ ಕೇಳುವಂತೆ, "ಎಲಿ ಸಾವ್ಕಾರ್ರ, ಹಲ್ಲುಬ್ಯಾನಿ ಏನ್ರಿ?" ಎಂದನಂತೆ. ಎಲ್ಲರೂ ತಿರುಗಿದರು. ನೀನೂ ತಿರುಗಿದೆ. ಎದ್ದು ಬಂದು ಪಕ್ಕದಲ್ಲಿ ಕುಳಿತು, "ಟೊಪಿಗಿ ತಗಿಯಪ್ಪಾ, ಬೆವತಿ ನೋಡು" ಎಂದೆಯಷ್ಟೆ. ಇಷ್ಟೆಲ್ಲ ಮಾಡಿದ್ದು ಗುರುವಾರವಾದರೂ ಆಗಿತ್ತೇ? ಅವಸರದಲ್ಲಿ ಅವನು ಹೋದದ್ದು ಬುಧವಾರ!

ಅಂದಿನಿಂದ ನಿನ್ನ ಮಾತು 'ಹೂಂ', 'ಇಲ್ಲ' ಎರಡಕ್ಕೇ ಇಳಿಯಿತು. ಮುಚ್ಚಿಡಲು ಏನೂ ಇಲ್ಲದ್ದನ್ನೂ ಮುಚ್ಚಿಡತೊಡಗಿದೆ. ಗಣಿತದಲ್ಲಿ ತರಗತಿಗೇ ಹೆಚ್ಚು ಅಂಕ ಬಂದ ಉತ್ತರಪತ್ರಿಕೆ ಹಾಸಿಗೆಯ ಕೆಳಗೆ ನನ್ನ ಕೈಗೆ ಸಿಕ್ಕಿತು. ಕೇಳಿದರೆ, "ತೋರ್ಸಿದ್ರ ಯಾರದು ನೋಡಿ ಬರದಿ ಅಂತಾನ, ಬಿಡಬೇ ಅಜ್ಜಿ" ಎಂದೆ. ನನಗೆ ಅನ್ನ ಸೇರಲಿಲ್ಲ.

ಅವನಿಗೂ ಸೇರುತ್ತಿರಲಿಲ್ಲ. ಎಂಟನೆಯ ದಿನ ನನ್ನ ಬಳಿ ಬಂದು, "ಅಕಿ ನನ್ನ ಜೋಡಿ ಮಾತಾಡವಲ್ಲಳು" ಎಂದ, ಸಣ್ಣ ಹುಡುಗನಂತೆ.

"ಎಲಿ ಪೆಂಡಿ ಹೊತ್ತಿಗೊಮ್ಮೆ ಬಿಚ್ಚಿ ನೋಡಿದ್ರ ಏನಾಗತೈತಿ?" ಎಂದು ಕೇಳಿದೆ.

"ಗಾಳಿ ಬಡದು ಬಾಡತೈತಿ. ಅಷ್ಟ ತಿಳೀದ?"

"ಎಲಿದು ತಿಳೀತೈತಲ್ಲ, ಸಾಕು ಬಿಡು."

ಅವನು ಹೋಗಿ ಬಿಚ್ಚಿದ್ದ ಪೆಂಡಿಗೆ ಗಂಟು ಹಾಕಿದ. ಮರುದಿನ ಗುರುವಾರ. ನೀನು ತಡವಾಗಿ ಬಂದೆ. ನಿಮ್ಮವ್ವ ಮತ್ತು ನಾನು ಅಡುಗೆಮನೆಯಲ್ಲಿ ಉಸಿರು ಹಿಡಿದೆವು. ಅವನು ತಲೆಯೆತ್ತಿ, "ಹಸಿವಾಗೇತೇನವಾ?" ಎಂದ. ಅಷ್ಟೇ. ಅದರ ಮುಂದಿನ ಗುರುವಾರವೂ ಅಷ್ಟೇ. ಕೇಳಬೇಕೆಂದದ್ದನ್ನೆಲ್ಲ ನುಂಗಿ ನುಂಗಿ ಅವನ ಮುಖ ಕೆಂಪಾಗುತ್ತಿತ್ತು!

ಮೂರನೆಯ ವಾರ ನೀನು ಚೀಲ ಇಳಿಸದೆ ಅವನ ಮುಂದೆ ಕುಳಿತೆ. ಒಂದು ಎಲೆ ತೆಗೆದುಕೊಂಡು ಒರೆಸಿದೆ. "ಅಪ್ಪಾ, ಒಂದು ಹೇಳ್ಲಿ?"

ನಾನು ಎದ್ದು ಹಿತ್ತಲಿಗೆ ಹೋದೆ. ಮರಳಿ ಬಂದಾಗ ನೀನು ಒಳಗೆ ಹೋಗಿದ್ದೆ. ಅವನು ಒಬ್ಬನೇ ಕುಳಿತಿದ್ದ.

"ಏನಂತೋ ಅದು?" ನನಗೂ ತಡೆಯಲಾಗಲಿಲ್ಲ.

"ಅಕಿ ನನಗ ಹೇಳ್ಯಾಳ ಬೇ. ಯಾರಿಗೂ ಹೇಳಬ್ಯಾಡ ಅಂದಾಳ." ಅವನ ಕಣ್ಣು ತುಂಬಿತ್ತು. "ನಿನಗೂ ಹೇಳಂಗಿಲ್ಲ."

ಇವತ್ತಿಗೂ ಹೇಳಿಲ್ಲ. ಶಿವು, ನೀನು ಅಕ್ಕನನ್ನು ಪೀಡಿಸಬೇಡ. ಈ ಹಾಳೆಗಳನ್ನು ಇಬ್ಬರೂ ಜೋಪಾನ ಮಾಡಿ. ಅಪ್ಪನ ಕಣ್ಣಿಗೆ ಬೀಳುವ ಜಾಗದಲ್ಲೇ ಇಡಿ, ನೀವಾಗಿ ಕೊಡುವವರೆಗೆ ಅವನು ಮುಟ್ಟುವುದಿಲ್ಲ.