ಗಿಣಿಮನಿಯ ಗುಡಿಸು ಕಿತ್ತವರಿಗೆ

ಒಂದೇ ಒಂದು ಎತ್ವದ ಬಂಡವಾಳದಲ್ಲಿ ಕಾರ್ಖಾನೆ ಕಟ್ಟಿದ ಸಾಹಸಿಗಳೂ 'ಗಿಣಿಮನೆ' ಹಪ್ಪಳದ ಮಾಲೀಕರೂ ಆದ ಶ್ರೀಮಾನ್ ಬಸವಪ್ರಭು ಅವರ ಸನ್ನಿಧಿಗೆ, ಧಾರವಾಡದ ನಿವೃತ್ತ ಕನ್ನಡ ಮಾಸ್ತರ ಗಿರಿಯಪ್ಪ ಹೆಬ್ಬಳ್ಳಿ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಹಪ್ಪಳದ ಯಂತ್ರವೂ ತಮ್ಮ ವಕೀಲರೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನಮ್ಮ ಬೀಗರ ಹಲ್ಲೊಂದನ್ನು ಬಿಟ್ಟರೆ ಉಳಿದವರೆಲ್ಲ ಕ್ಷೇಮ.

ಮೂವತ್ತೊಂದು ವರ್ಷ ನಾನು, ಸಾಲಿಯ ಮಕ್ಕಳು 'ಮನಿ' ಎಂದು ಬರೆದಲ್ಲೆಲ್ಲ ಗುಡಿಸು ಹೊಡೆದು, ಎತ್ವ ಹಾಕಿ, 'ಮನೆ' ಎಂದು ತಿದ್ದಿದವನು. ನಮ್ಮಲ್ಲಿ ಮೊದಲಿನಿಂದಲೂ ತರುತ್ತಿದ್ದುದು, ತಾರಿಹಾಳದಲ್ಲಿ ಮುರಿಗೆವ್ವನವರು ಹನ್ನೊಂದು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಮಾಡುವ 'ಗಿಣಿಮನಿ' ಹಪ್ಪಳ. ರುಚಿಗೆ ನಾಲಗೆ ಸೋತರೂ ಆ ಕಾಗುಣಿತಕ್ಕೆ ಕಣ್ಣು ಉರಿಯುತ್ತಿತ್ತು. ಹೀಗಿರಲು ಕಳೆದ ಶ್ರಾವಣದಲ್ಲಿ ಶಾಕೀರನ ಕಿರಾಣಿ ಅಂಗಡಿಯಲ್ಲಿ ಅದೇ ಹಳದಿ ಪಾಕೀಟು, ಅದೇ ಹಸಿರು ಗಿಣಿ (ಬಲಕ್ಕೆ ನೋಡುತ್ತಿದ್ದುದು ಎಡಕ್ಕೆ ಹೊರಳಿತ್ತು, ಅಷ್ಟೆ), ಮೇಲೆ ದಪ್ಪಕ್ಷರದಲ್ಲಿ 'ಗಿಣಿಮನೆ' ಎಂದಿರುವುದನ್ನು ಕಂಡು, ಅಂತೂ ಮುರಿಗೆವ್ವ ಕಾಗುಣಿತ ತಿದ್ದಿಕೊಂಡರಲ್ಲ ಎಂದು ಕಣ್ತುಂಬಿ ಬಂದು, ನಾಲ್ಕು ಪಾಕೀಟು ತಂದೆ.

ಮುಗದದಿಂದ ಬೀಗರು ಬಂದ ದಿನ ನನ್ನ ಹೆಂಡತಿ ನಾಗರತ್ನಾ ಅವನ್ನು ಕರಿದಳು. ಕುದಿಯುವ ಎಣ್ಣೆಯಲ್ಲೂ ಉಬ್ಬದೆ, ಬಣ್ಣಗೆಡದೆ, ಋಷಿಯಂತೆ ಮಲಗಿದ್ದ ತಮ್ಮ ಹಪ್ಪಳದ ಸಂಯಮವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬೀಗರು ಕಚ್ಚಿದರು, ಕಟಕ್ ಎಂದಿತು. ಸಭ್ಯರಾದ ಅವರು ಹಲ್ಲನ್ನು ತಾಟಿನ ಅಂಚಿಗಿಟ್ಟು, "ಹಪ್ಪಳ ಛಲೋ ಅದಾವ್ರಿ, ಬಾಳಿಕಿ ಬರ್ತಾವ" ಎಂದರು.

ಮರುದಿನ ನಾಗರತ್ನಾ ನನ್ನ ಕೈಗೆ ಉಳಿದ ಪಾಕೀಟು ಕೊಟ್ಟು, ಬೈಯಲೆಂದು ನನ್ನನ್ನೂ ಎಳೆದುಕೊಂಡು ತಾರಿಹಾಳಕ್ಕೆ ಹೊರಟಳು. ಮುರಿಗೆವ್ವ ಎಲ್ಲ ಕೇಳಿಸಿಕೊಂಡು, ಪಾಕೀಟು ತಿರುವಿ ನೋಡಿ, "ಅಕ್ಕಾರ, ಇದು ನಮ್ಮ ಹಪ್ಪಳ ಅಲ್ರಿ. ಈ ತಿಂಗಳದಾಗ ಬೈಯಾಕ ಬಂದವರಾಗ ನೀವು ಒಂಬತ್ತನೇದವ್ರು" ಎಂದರು. ಅಂಗಡಿಯವರು ಮಾಲು ಬೇಡವೆಂದದ್ದರಿಂದ ಹನ್ನೊಂದರಲ್ಲಿ ನಾಲ್ವರು ಆಗಲೇ ಕೆಲಸವಿಲ್ಲದೆ ಕುಳಿತಿದ್ದರು. "ಹಪ್ಪಳ ಮುರದ್ರ ಮತ್ತ ಲಟ್ಟಿಸಬಹುದ್ರಿ, ಹೆಸರು ಹ್ಯಾಂಗ ಲಟ್ಟಿಸೂದು?" ಎಂದು ಆಕೆ ಕೇಳಿದಾಗ ನಾಗರತ್ನಾಳ ಸಿಟ್ಟು ನನ್ನತ್ತ ತಿರುಗಿತು: "ಮಾಸ್ತರಕಿ ಮಾಡಿದವ್ರು ನೀವು, ಒಂದಕ್ಷರ ಕಾಣಲಿಲ್ಲೇನು?" ಕಂಡಿತ್ತು, ಕಂಡು ಸಂತೋಷಪಟ್ಟಿದ್ದೆ ಎನ್ನುವ ಧೈರ್ಯ ನನಗಾಗಲಿಲ್ಲ. ಆ ನಾಚಿಕೆಗೇ ಮುರಿಗೆವ್ವನವರ ಪರ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಒಪ್ಪಿದೆ.

'ಗಿಣಿಮನಿ' ಎಂಬುದು ಮುರಿಗೆವ್ವನವರು ನೋಂದಣಿ ಮಾಡಿಸಿದ್ದ ಹೆಸರು, ಹಾಗಾಗಿ ಕೋರ್ಟಿಗೆ ಹೋದರು. ತಮ್ಮ ವಕೀಲರು ಎರಡೂ ಪಾಕೀಟು ಅಕ್ಕಪಕ್ಕ ಹಿಡಿದು, 'ನಿ' ಬೇರೆ 'ನೆ' ಬೇರೆ ಎಂಬುದು ಕನ್ನಡ ಮಾಸ್ತರಿಗೆ ತಿಳಿಯದೇ ಎಂದು ನನ್ನನ್ನೇ ಪ್ರಶ್ನಿಸಿದರು. ಆಗ ನ್ಯಾಯಾಧೀಶರು, ಅಂಗಡಿಯಲ್ಲಿ ಯಾರೂ ಹೀಗೆ ಅಕ್ಕಪಕ್ಕ ಹಿಡಿದು ನೋಡುವುದಿಲ್ಲವೆಂದೂ, ಕಾನೂನು ಕೇಳುವುದು ಸಾಮಾನ್ಯ ಬುದ್ಧಿಯ, ಅರೆಬರೆ ನೆನಪಿನ ಗಿರಾಕಿ ಮೋಸಹೋಗುವನೇ ಎಂದಷ್ಟೇ ಎಂದೂ ವಿವರಿಸಿ, "ನೀವು ಅಂಥಾ ಗಿರಾಕಿ ಏನ್ರಿ?" ಎಂದರು. ತಲೆ ತಗ್ಗಿಸಿ ಹೌದೆಂದೆ. ಹೀಗೆ ತಮ್ಮ ಕೃಪೆಯಿಂದ ನನ್ನ ಬುದ್ಧಿ ಸಾಮಾನ್ಯವೆಂಬುದು ಸರಕಾರಿ ದಾಖಲೆ ಸೇರಿದೆ. ಅಷ್ಟಾದರೂ ಇದೆಯೇ ಎಂದು ನಾಗರತ್ನಾಳದೊಂದು ತಕರಾರು ಬಾಕಿ ಇದೆ.

ಆಮೇಲೆ ಕಟಕಟೆಗೆ ಬಂದವರು ತಾವು. ಸರಕಿನ ಹೆಸರೇನೆಂದು ಕೇಳಿದ್ದಕ್ಕೆ ಎದೆಯುಬ್ಬಿಸಿ "ಗಿಣಿಮನಿ ರೀ" ಎಂದಿರಿ. ವಕೀಲರು ಕೆಮ್ಮಿದರು. ಮತ್ತೊಮ್ಮೆ ಹೇಳಿರೆಂದದ್ದಕ್ಕೆ, "ಗಿಣಿಮನಿ ಸಾಹೇಬ್ರ! ಅವರ ಗಿಣಿಮನಿ ಬ್ಯಾರೆ, ನಮ್ಮ ಗಿಣಿಮನಿ ಬ್ಯಾರೆ!" ಎಂದು ಗುಡುಗಿದಿರಿ. ಬೆರಳಚ್ಚು ಮಾಡುತ್ತಿದ್ದಾಕೆ ಕೈ ನಿಲ್ಲಿಸಿ, "ಯಾವ ಗಿಣಿಮನಿ ಬರೀಲ್ರಿ?" ಎಂದಾಗ ನ್ಯಾಯಾಧೀಶರೂ ಕರವಸ್ತ್ರ ಹುಡುಕಿದರು. ತಮ್ಮ ವಿರುದ್ಧ ಅಷ್ಟು ನಿಖರವಾದ ಸಾಕ್ಷಿಯನ್ನು ನಾವು ಯಾರೂ ಹೇಳಿರಲಿಲ್ಲ; ತಮಗೆ ಅನಂತ ವಂದನೆಗಳು. ಆ ಹೆಸರು, ಆ ಗಿಣಿ ಇನ್ನು ಬಳಸಕೂಡದೆಂದು ಆದೇಶವಾಯಿತು.

ಆದರೂ ತಮ್ಮ ವಾದ ವ್ಯರ್ಥವಾಗಬಾರದೆಂಬ ಕಳಕಳಿಯಿಂದ ಒಂದು ಬಿನ್ನಹ: ಹುಬ್ಬಳ್ಳಿ-ಧಾರವಾಡದ ಸಮಸ್ತ ನಾಗರಿಕರನ್ನು, ಹಸುಗೂಸುಗಳನ್ನೂ ಬಿಡದೆ, ತಮ್ಮ ಕಾರ್ಖಾನೆಯಲ್ಲಿ ಕೂಡಿಸಿ, ಪ್ರತಿಯೊಬ್ಬರೂ ಬಾಯಿತುಂಬ 'ಮನೆ' ಎನ್ನುವವರೆಗೆ ಪಾಠ ಹೇಳಿರಿ, ಅನಂತರ ಮೇಲ್ಮನವಿ ಹಾಕಿರಿ. ಮೊದಲ ಬೆಂಚಿನಲ್ಲಿ ತಾವೇ ಕುಳಿತರೆ ಒಳಿತು.

ಆ ನಾಲ್ವರೂ ಹೆಣ್ಣುಮಕ್ಕಳು ಸೋಮವಾರದಿಂದ ಕೆಲಸಕ್ಕೆ ಮರಳಿದ್ದಾರೆ. ತಮಗೆ ತಿಳಿಸಿದರೆ ಸಂತೋಷಪಡುವಿರೆಂದು ಬರೆದೆ.

ಇಂತಿ, ನಾಲ್ಕೇ ಪಾಕೀಟಿನ ಮಟ್ಟಿಗೆ
ತಮ್ಮ ವಿಶ್ವಾಸಿ,
ಗಿರಿಯಪ್ಪ ಹೆಬ್ಬಳ್ಳಿ

ತಾ.ಕ.: ತಮ್ಮ ಹಪ್ಪಳಕ್ಕೆ ಈಗ 'ಉತ್ಕೃಷ್ಟಾ' ಎಂದು ಹೆಸರಿಟ್ಟಿರುವುದು ತಿಳಿಯಿತು. ಯಾರ ಹೆಸರನ್ನೂ ಹೋಲದ ಕಾರಣ ಕಾನೂನಿನ ಭಯವಿಲ್ಲ. ಶಾಕೀರನ ಅಂಗಡಿಯಲ್ಲಿ ಮಾತ್ರ, ಅದನ್ನು ಕೇಳಲು ಬಂದ ಮೂವರೂ 'ಉತ್ಕೃ'ದವರೆಗೆ ಬಂದು, ದಣಿದು, ಉಪ್ಪಿನಕಾಯಿ ಒಯ್ದರಂತೆ.